ಕಿಬ್ಬೊಟ್ಟೆಯ ನೋವು ಮತ್ತು ಅಂಡಾಶಯದ ಗಂಟು: ರೋಗನಿದಾನದ ಇತಿಹಾಸದಲ್ಲಿ ಸಾಕ್ಷ್ಯದ ಪ್ರಶ್ನೆ

ರೋಗಗಳ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಸಾಂಕ್ರಾಮಿಕಗಳನ್ನೇ ಆರಿಸಿಕೊಂಡಿರುವರು. ಪ್ಲೇಗು, ಕಾಲರಾ, ಸಿಡುಬುಗಳು ಊರೂರುಗಳನ್ನೇ ಬರಿದುಮಾಡಿದುದರಿಂದ ಅವುಗಳ ವಿಷಯವಾಗಿ ಸರ್ಕಾರದ ಕಡತಗಳೂ ಮರಣದ ಲೆಕ್ಕಗಳೂ ದೊರೆಯುತ್ತವೆ. ಆದರೆ ಒಬ್ಬ ಸ್ತ್ರೀಯ ಕಿಬ್ಬೊಟ್ಟೆಯಲ್ಲಿ ವರ್ಷಾನುಗಟ್ಟಲೆ ನೆಲೆಸಿ, ಅವಳನ್ನು ಕೊಲ್ಲದೆ, ಅವಳ ದಿನಗಳನ್ನು ಮಾತ್ರ ಕೊರೆಯುತ್ತ ಹೋಗುವ ನೋವಿಗೆ ಕಡತವಿಲ್ಲ. ಆ ನೋವಿಗೆ ಕಾರಣವೇನೆಂದು ವೈದ್ಯರು ಯಾವ ಕಾಲದಲ್ಲಿ ಯಾವ ಸಾಕ್ಷ್ಯವನ್ನು ನಂಬಿ ನಿರ್ಣಯಿಸಿದರು, ಆ ನಿರ್ಣಯದಲ್ಲಿ ರೋಗಿಯ ಮಾತಿಗೆ ಎಷ್ಟು ಬೆಲೆಯಿದ್ದಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ಸಾಕ್ಷ್ಯದ ತಾರತಮ್ಯ ವಿವೇಚನೆ ಇತಿಹಾಸಕಾರನ ಕೆಲಸವೇ ಆದುದರಿಂದ ಈ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊರಗಿನದೆಂದು ಭಾವಿಸಬೇಕಾಗಿಲ್ಲ.

ಮೊದಲು ದೇಹಧರ್ಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ. ಋತುಚಕ್ರದ ಕಾಲದಲ್ಲಿ ಅಂಡಾಶಯದೊಳಗೆ ನೀರು ತುಂಬಿದ ಕಿರುಕೋಶವೊಂದು ಸುಮಾರು ೨ ಸೆಂಟಿಮೀಟರಿನಷ್ಟು ಬೆಳೆದು, ಒಡೆದು, ಅಂಡವನ್ನು ಹೊರಬಿಡುತ್ತದೆ. ಕೆಲವು ವೇಳೆ ಅದು ಒಡೆಯದೆ ಉಳಿದು ನೀರುಗಂಟಾಗುವುದುಂಟು. ಇಂತಹ ಗಂಟುಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳೊಳಗೆ ತಾವಾಗಿಯೇ ಕರಗುತ್ತವೆ. ಇವುಗಳಲ್ಲದೆ ಕೂದಲು, ಹಲ್ಲು ಮುಂತಾದುವನ್ನೊಳಗೊಂಡ ಗಂಟುಗಳೂ, ಹಳೆಯ ರಕ್ತ ತುಂಬಿದ ಗಂಟುಗಳೂ, ಹೊಟ್ಟೆಯನ್ನೆಲ್ಲ ಆವರಿಸುವಷ್ಟು ಬೆಳೆಯುವ ಲೋಳೆಯ ಗಂಟುಗಳೂ ಇವೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೊಡ್ಡ ಗಂಟು ನೋವಿಲ್ಲದೆ ಇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ವಿಕಾರ ಅಸಹ್ಯವಾದ ನೋವನ್ನು ಕೊಡಬಹುದು. ಗಂಟು ಮತ್ತು ನೋವು ಒಂದನ್ನೊಂದು ತಪ್ಪದೆ ಹಿಂಬಾಲಿಸುವ ಜೋಡಿಯಲ್ಲ. ನಿದಾನದ ಇತಿಹಾಸದ ತೊಡಕುಗಳೆಲ್ಲ ಬಹುಮಟ್ಟಿಗೆ ಇದರಿಂದ ಹುಟ್ಟಿದವು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ತೊಡಕಿನ ಅರಿವು ಇದ್ದಿತೆಂಬುದಕ್ಕೆ ಆಧಾರವುಂಟು. ಚರಕಸಂಹಿತೆಯಲ್ಲಿ ಸ್ತ್ರೀಯರಿಗೆ ಮಾತ್ರ ಬರುವ ರಕ್ತಗುಲ್ಮವೆಂಬ ವ್ಯಾಧಿ ವರ್ಣಿತವಾಗಿದೆ. ಅದರ ಲಕ್ಷಣಗಳು ಗರ್ಭದ ಲಕ್ಷಣಗಳನ್ನು ಹೋಲುವುದರಿಂದ ಹತ್ತನೆಯ ತಿಂಗಳು ಕಳೆದ ಮೇಲೆಯೇ ಚಿಕಿತ್ಸೆಯನ್ನು ಆರಂಭಿಸಬೇಕೆಂದು ವಿಧಿಸಲಾಗಿದೆ. ಅಂದರೆ ಸ್ಪರ್ಶದಿಂದ ನಿರ್ಣಯವಾಗದ ವಿಷಯವನ್ನು ಕಾಲವೇ ನಿರ್ಣಯಿಸಲಿ ಎಂಬುದು ಆ ವಿಧಿಯ ತಾತ್ಪರ್ಯ. ಅದೇ ಗ್ರಂಥ ಎಣಿಸಿರುವ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ ಉದಾವರ್ತವೂ ಒಂದು; ಋತುಸ್ರಾವವಾಗುವವರೆಗೆ ನೋವು, ಸ್ರಾವವಾದೊಡನೆ ಉಪಶಮನ ಎಂಬುದು ಅದರ ಗುರುತು. ಈ ಹೆಸರುಗಳನ್ನು ಇಂದಿನ ರೋಗನಾಮಗಳೊಡನೆ ಒಂದಕ್ಕೊಂದು ಸರಿಗಟ್ಟುವುದು ಸಾಧುವಲ್ಲ. ಆದರೆ ಉಪಶಮನವಾಯಿತೆಂಬುದನ್ನು ಯಾವ ವೈದ್ಯನ ಕೈಯೂ ಮುಟ್ಟಿ ಅರಿಯಲಾರದು. ಅದು ರೋಗಿಯ ಬಾಯಿಂದಲೇ ಬರಬೇಕು. ಆ ಲಕ್ಷಣವನ್ನು ಬರೆದವನು ಯಾವಳೋ ಒಬ್ಬಳ ಮಾತನ್ನು ಕೇಳಿ ಬರೆದಿರಬೇಕೆಂಬುದರಲ್ಲಿ ಸಂಶಯವಿಲ್ಲ.

ಗರ್ಭವೋ ಗಂಟೋ ಎಂಬ ಇದೇ ಸಂದೇಹ ಬಹುಕಾಲದ ಮೇಲೆ ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಒಂದು ಹೊಸ ಅಧ್ಯಾಯಕ್ಕೆ ಕಾರಣವಾಯಿತು. ೧೮೦೯ರ ಡಿಸೆಂಬರಿನಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯನ್ನು ಎಫ್ರಾಯಿಂ ಮೆಕ್‌ಡೊವೆಲ್ ಪರೀಕ್ಷಿಸಿದನು. ಆಕೆ ಗರ್ಭಿಣಿ, ದಿನ ತುಂಬಿಯೂ ಪ್ರಸವವಾಗಿಲ್ಲ ಎಂಬುದು ಅದುವರೆಗೆ ನೋಡಿದ ವೈದ್ಯರ ಅಭಿಪ್ರಾಯವಾಗಿದ್ದಿತು. ಗರ್ಭಾಶಯ ಬರಿದಾಗಿದೆಯೆಂದು ಮೆಕ್‌ಡೊವೆಲ್ ಸ್ಪರ್ಶಪರೀಕ್ಷೆಯಿಂದ ತಿಳಿದನು. ಆಕೆ ಸುಮಾರು ೬೦ ಮೈಲಿ ಕುದುರೆಯ ಮೇಲೆ ಕುಳಿತು ಡ್ಯಾನ್‌ವಿಲ್ ಊರಿಗೆ ಬಂದಳು. ಅರಿವಳಿಕೆಯ ಬಳಕೆ ಜಗತ್ತಿಗೆ ಪ್ರಸಿದ್ಧವಾದುದು ೧೮೪೬ರಲ್ಲಿ; ಆದುದರಿಂದ ಆಕೆ ಎಚ್ಚರವಾಗಿದ್ದಂತೆಯೇ ಶಸ್ತ್ರಕ್ರಿಯೆ ಸುಮಾರು ೨೫ ನಿಮಿಷ ನಡೆಯಿತು. ತೆಗೆದ ಗಂಟಿನ ತೂಕ ೨೨ ಪೌಂಡಿಗೂ ಮೀರಿದ್ದಿತು. ಐದನೆಯ ದಿನ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳೆಂದು ವೈದ್ಯನು ಬರೆದಿರುವನು. ಅನಂತರ ಆಕೆ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ೧೮೧೭ರಲ್ಲಿ ಪ್ರಕಟವಾದ ವರದಿಯಲ್ಲಿ ಈಕೆಯ ಹೆಸರು ಬಂದಿದೆ. ಅದೇ ವರದಿಯ ಮಿಕ್ಕ ಇಬ್ಬರು ರೋಗಿಗಳು ಕೇವಲ ನೀಗ್ರೋ ಸ್ತ್ರೀಯರೆಂದು ಉಕ್ತರಾಗಿರುವರು. ಯಾರ ದೇಹ ದಾಖಲೆಯಾಯಿತು, ಯಾರ ಹೆಸರು ದಾಖಲೆಯಾಯಿತು ಎಂಬ ಭೇದ ಇಲ್ಲಿಯೇ ಕಾಣುತ್ತದೆ.

ಅರಿವಳಿಕೆ ಬಂದ ಮೇಲೆ ಶಸ್ತ್ರವೈದ್ಯದ ಧೈರ್ಯ ಬೆಳೆಯಿತು. ಲಂಡನ್ನಿನ ಸ್ಪೆನ್ಸರ್ ವೆಲ್ಸ್ ೧೮೮೦ರ ವೇಳೆಗೆ ಒಂದು ಸಾವಿರ ಅಂಡಾಶಯ ಶಸ್ತ್ರಕ್ರಿಯೆಗಳನ್ನು ಪೂರೈಸಿದ್ದನು. ಆದರೆ ಅದೇ ಧೈರ್ಯ ಅನ್ಯಾಯಕ್ಕೂ ದಾರಿಯಾಯಿತು. ೧೮೭೨ರಲ್ಲಿ ಜಾರ್ಜಿಯಾ ಪ್ರಾಂತದ ರಾಬರ್ಟ್ ಬ್ಯಾಟಿ, ಗಂಟಿನ ಸುಳಿವಿಲ್ಲದಿದ್ದರೂ ದೀರ್ಘಕಾಲದ ಯಾತನೆಯ ನಿವಾರಣೆಗಾಗಿ ಅಂಡಾಶಯಗಳನ್ನೇ ತೆಗೆದುಹಾಕುವ ಪದ್ಧತಿಯನ್ನು ಆರಂಭಿಸಿದನು. ಅದೇ ವರ್ಷ ಜರ್ಮನಿಯಲ್ಲಿ ಹೇಗಾರ್, ಇಂಗ್ಲೆಂಡಿನಲ್ಲಿ ಲಾಸನ್ ಟೇಟ್ ಇದೇ ಮಾರ್ಗವನ್ನು ಹಿಡಿದಿದ್ದರು. ನೋವಿನ ಜೊತೆಗೆ ಮೂರ್ಛೆ, ಉನ್ಮಾದ, ‘ಹಿಸ್ಟೀರಿಯ’ಗಳಿಗೂ ಈ ಕ್ರಿಯೆ ವಿಸ್ತರಿಸಿತು, ಶತಮಾನದ ಕೊನೆಗೆ ಅದು ಖಂಡನೆಗೆ ಗುರಿಯಾಗಿ ಹಿಂದೆ ಸರಿಯುವಷ್ಟರಲ್ಲಿ ಎಷ್ಟೋ ಸ್ತ್ರೀಯರು ಆರೋಗ್ಯವಂತ ಅವಯವಗಳನ್ನು ಕಳೆದುಕೊಂಡಿದ್ದರು. ಇಲ್ಲಿ ನೋವನ್ನು ನಂಬಲಾಯಿತು, ಆದರೆ ವಿಚಾರಣೆ ನಡೆಯಲಿಲ್ಲ. ನಂಬಿಕೆಯೊಂದೇ ನಿದಾನವಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ವಿಚಾರಣೆಯ ಕಾರ್ಯ ಇಪ್ಪತ್ತನೆಯ ಶತಮಾನದಲ್ಲಿ ಮುಂದುವರಿಯಿತು. ನ್ಯೂಯಾರ್ಕ್ ಪ್ರಾಂತದ ಆಲ್ಬನಿಯಲ್ಲಿದ್ದ ಜಾನ್ ಸ್ಯಾಂಪ್ಸನ್ ೧೯೨೧ರಲ್ಲಿ, ಹಳೆಯ ರಕ್ತ ತುಂಬಿ ಚಾಕೊಲೇಟಿನ ಬಣ್ಣ ತಾಳಿದ ಅಂಡಾಶಯದ ಗಂಟುಗಳನ್ನು ವರ್ಣಿಸಿದನು. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಹೊರಗಡೆ ನೆಲೆಸಿ, ತಿಂಗಳು ತಿಂಗಳೂ ರಕ್ತ ಸುರಿಸುವ ಈ ವ್ಯಾಧಿಗೆ ‘ಎಂಡೊಮೆಟ್ರಿಯೋಸಿಸ್’ ಎಂಬ ಹೆಸರು ಸಂದಿತು. ಋತುರಕ್ತ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿಯುವುದೇ ಕಾರಣವೆಂದು ೧೯೨೭ರಲ್ಲಿ ಆತನು ಪ್ರತಿಪಾದಿಸಿದನು. ಅಂಗಾಂಶದ ಸಾಕ್ಷ್ಯ ದೊರೆತರೂ ಸಮಾಜದ ಪೂರ್ವಗ್ರಹ ತೊಲಗಲಿಲ್ಲ. ೧೯೪೦ರ ದಶಕದಲ್ಲಿ ಬಾಸ್ಟನ್ನಿನ ಜೋ ಮೀಗ್ಸ್, ತಡವಾದ ವಿವಾಹ ಮತ್ತು ಮಿತ ಸಂತಾನವೇ ಈ ರೋಗಕ್ಕೆ ಎಡೆಗೊಡುತ್ತದೆಯೆಂದು ವಾದಿಸಿದನು. ಕ್ರಮೇಣ ಇದು ಉದ್ಯೋಗಸ್ಥ ಬಿಳಿಯ ಸ್ತ್ರೀಯರ ರೋಗವೆಂಬ ಪ್ರತೀತಿ ಬೆಳೆಯಿತು. ಅದೇ ನೋವನ್ನು ಹೇಳಿಕೊಂಡ ಕಪ್ಪು ಸ್ತ್ರೀಯರಿಗೆ ಸೋಂಕಿನಿಂದ ಬಂದ ಉರಿಯೂತವೆಂಬ ನಿರ್ಣಯ ಸಿದ್ಧವಾಗಿ ಕಾದಿರುತ್ತಿತ್ತು. ೧೯೭೬ರಲ್ಲಿ ವೈದ್ಯ ಡೊನಾಲ್ಡ್ ಚ್ಯಾಟ್‌ಮನ್, ಹಾಗೆ ನಿರ್ಣಯಿಸಲ್ಪಟ್ಟವರಲ್ಲಿ ಹಲವರಿಗೆ ವಾಸ್ತವವಾಗಿ ಎಂಡೊಮೆಟ್ರಿಯೋಸಿಸ್ ಇದ್ದಿತೆಂದು ತೋರಿಸಿದನು. ಪರೀಕ್ಷೆಗೆ ಮುಂಚೆಯೇ ತೀರ್ಪು ಬರೆದಿದ್ದರೆ ಸಾಕ್ಷ್ಯವೂ ಅದನ್ನೇ ನುಡಿಯುವಂತೆ ಕಾಣುತ್ತದೆ.

ಹೊಟ್ಟೆಯನ್ನು ಕೊಯ್ಯದೆ ಒಳಗನ್ನು ನೋಡುವ ಮಾರ್ಗ ತೆರೆದುದು ಗ್ಲಾಸ್ಗೋ ನಗರದಲ್ಲಿ. ಅಲ್ಲಿಯ ಪ್ರಾಧ್ಯಾಪಕ ಇಯನ್ ಡೊನಾಲ್ಡ್, ಲೋಹದ ಬಿರುಕನ್ನು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ೧೯೫೫ರಲ್ಲಿ ಶಸ್ತ್ರಕ್ರಿಯೆಯಿಂದ ಹೊರತೆಗೆದ ಗಂಟುಗಳ ಮೇಲೆ ಪ್ರಯೋಗಿಸಿದನು. ಹೊಟ್ಟೆ ಉಬ್ಬಿದ್ದ ಒಬ್ಬ ವೃದ್ಧೆಗೆ ವಾಸಿಯಾಗದ ಜಠರದ ಕ್ಯಾನ್ಸರೆಂದು ನಿರ್ಣಯವಾಗಿದ್ದಿತು. ಯಂತ್ರದ ಪ್ರತಿಧ್ವನಿ ಅದು ದೊಡ್ಡ ಗಂಟೆಂದು ತೋರಿಸಿತು. ಶಸ್ತ್ರಕ್ರಿಯೆಯಿಂದ ಆಕೆ ಉಳಿದಳು. ಡೊನಾಲ್ಡ್, ಮೆಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಈ ಫಲಿತಾಂಶಗಳನ್ನು ೧೯೫೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇತ್ತ ಪ್ಯಾರಿಸ್ಸಿನ ರಾವುಲ್ ಪಾಮರ್ ೧೯೪೦ರ ದಶಕದಲ್ಲಿಯೇ ಕಿರುರಂಧ್ರದ ಮೂಲಕ ದರ್ಶಕವನ್ನಿಟ್ಟು ಒಳಾವಯವಗಳನ್ನು ನೋಡುವ ಲ್ಯಾಪರೊಸ್ಕೋಪಿಯನ್ನು ಸ್ತ್ರೀರೋಗಗಳಲ್ಲಿ ರೂಢಿಗೆ ತಂದಿದ್ದನು.

ಭಾರತದಲ್ಲಿ ಪ್ರಶ್ನೆಗೆ ಇನ್ನೊಂದು ಮುಖವಿದ್ದಿತು. ಪುರುಷವೈದ್ಯನ ಸ್ಪರ್ಶಕ್ಕೆ ಒಪ್ಪದ ಸ್ತ್ರೀಗೆ ಪರೀಕ್ಷೆಯೇ ಇಲ್ಲದಂತಾಗುತ್ತಿತ್ತು. ೧೮೮೫ರಲ್ಲಿ ಸ್ಥಾಪಿತವಾದ ಲೇಡಿ ಡಫರಿನ್ ನಿಧಿಯ ಉದ್ದೇಶ ಸ್ತ್ರೀವೈದ್ಯರ ಮೂಲಕ ಸ್ತ್ರೀಯರಿಗೆ ಚಿಕಿತ್ಸೆ ಒದಗಿಸುವುದು. ಮೈಸೂರು ಸಂಸ್ಥಾನದಲ್ಲಿ ೧೯೩೫ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ತೆರೆಯಿತು. ಇಂದು ‘ಸ್ಕ್ಯಾನಿಂಗ್’ ಎಂಬ ಶಬ್ದ ಹಳ್ಳಿಗಳಲ್ಲಿಯೂ ಪರಿಚಿತವಾಗಿದೆ. ಆದರೆ ಅದೇ ಯಂತ್ರ ಹೆಣ್ಣುಭ್ರೂಣದ ಹತ್ಯೆಗೆ ಸಾಧನವಾದುದರಿಂದ ೧೯೯೪ರ ಕಾಯಿದೆಯ ಪ್ರಕಾರ ಅದನ್ನು ಹದ್ದಿನಲ್ಲಿಡಬೇಕಾಯಿತು. ಗರ್ಭದ ಕಡೆಗಿದ್ದ ಕುತೂಹಲ ಗರ್ಭ ಹೊತ್ತವಳ ನೋವಿನ ಕಡೆಗೆ ಇರಲಿಲ್ಲವೆಂಬುದನ್ನು ಈ ಕಾಯಿದೆಯ ಇತಿಹಾಸ ಸೂಚಿಸುತ್ತದೆ.

ಹೀಗೆ ಸ್ಪರ್ಶ, ಶಸ್ತ್ರ, ಅಂಗಾಂಶ, ಧ್ವನಿ ಎಂದು ಸಾಕ್ಷ್ಯಗಳು ಬೆಳೆದುವು. ಆದರೂ ಎಂಡೊಮೆಟ್ರಿಯೋಸಿಸ್ ಉಳ್ಳವರಿಗೆ ನಿರ್ಣಯ ದೊರೆಯಲು ಹಲವು ವರ್ಷಗಳೇ ಹಿಡಿಯುತ್ತವೆಂದು ಅನೇಕ ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಪ್ರಸವಯೋಗ್ಯ ವಯಸ್ಸಿನವರಲ್ಲಿ ಶೇಕಡ ೧೦ರಷ್ಟು ಮಂದಿಗೆ, ಅಂದರೆ ಸುಮಾರು ೧೯ ಕೋಟಿ ಜನಕ್ಕೆ, ಈ ವ್ಯಾಧಿಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಅಂದಾಜು ಮಾಡಿದೆ. ಚಿತ್ರದಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ತೀರ್ಮಾನಿಸಲಾಗದೆಂದು ಯೂರೋಪಿನ ತಜ್ಞರು ೨೦೨೨ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿರುವರು. ಚಿತ್ರದಲ್ಲಿ ಕಂಡ ಸಣ್ಣ ನೀರುಗಂಟೇ ನೋವಿಗೆ ಕಾರಣವೆಂದು ಹೇಳಿಬಿಡುವುದೂ ಅಷ್ಟೇ ದುಡುಕು. ಕರುಳು, ಮೂತ್ರಕೋಶ, ಸೋಂಕು, ನಮ್ಮ ದೇಶದಲ್ಲಿ ವಿಶೇಷವಾಗಿ ಕ್ಷಯ, ಇವೆಲ್ಲವೂ ಅದೇ ಸ್ಥಳದಲ್ಲಿ ನೋವು ಕೊಡಬಲ್ಲವು.

ಶಾಸನವಿಲ್ಲದ ರಾಜನು ಇರಲೇ ಇಲ್ಲವೆಂದು ಇತಿಹಾಸಕಾರನು ಹೇಳುವುದಿಲ್ಲ. ಶಾಸನದಲ್ಲಿ ಹೇಳಿದುದೆಲ್ಲ ನಡೆದುದೆಂದೂ ನಂಬುವುದಿಲ್ಲ. ಒಂದು ಸಾಕ್ಷ್ಯವನ್ನು ಇನ್ನೊಂದರೊಡನೆ ಇಟ್ಟು ನೋಡುತ್ತಾನೆ. ಕಿಬ್ಬೊಟ್ಟೆಯ ನೋವಿನ ನಿದಾನದಲ್ಲಿ ಮೊದಲ ಸಾಕ್ಷ್ಯ ರೋಗಿಯ ಹೇಳಿಕೆ: ನೋವು ಯಾವ ದಿನ ಬಂದಿತು, ಎಲ್ಲಿ ಹುಟ್ಟಿತು, ಮುಟ್ಟಿನೊಡನೆ ಅದರ ಸಂಬಂಧವೇನು. ಮಿಕ್ಕ ಸಾಧನಗಳು ಅದನ್ನು ಪರೀಕ್ಷಿಸಲು ಬಂದವು; ಅದರ ಸ್ಥಾನವನ್ನು ಆಕ್ರಮಿಸಲು ಬಂದವಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರತಿ ತಿಂಗಳೂ ವಿದ್ಯಾರ್ಥಿನಿಯರು ‘ಹೊಟ್ಟೆನೋವು’ ಎಂಬ ಒಂದೇ ಶಬ್ದವನ್ನು ಬರೆದು ರಜೆ ಬೇಡುವರು. ನಾವೂ ಓದಿ ಸಹಿ ಹಾಕುತ್ತೇವೆ. ಮುಂದಿನ ಇತಿಹಾಸಕಾರನಿಗೆ ದೊರೆಯುವ ದಾಖಲೆ ಅದೊಂದೇ ಆಗಬಹುದು. ಆ ಅರ್ಜಿಗಳು ಮತ್ತೆ ಮತ್ತೆ ಅದೇ ಕೈಯಿಂದ ಬರುತ್ತಿದ್ದರೆ, ಸಹಿ ಹಾಕುವ ಮುನ್ನ ವೈದ್ಯರನ್ನು ಕಂಡಿದ್ದೀಯಾ ಎಂದು ಕೇಳುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.