ಭೇಟಿಯ ದಿನ

ಉತ್ತರ ನೈಜೀರಿಯಾದ ಫುಂಟುವಾ, ಗುಸಾವು, ಗೊಂಬೆ ಪ್ರದೇಶಗಳಲ್ಲಿ 1970ರ ದಶಕದ ನಡುವೆ ವಿಶ್ವಬ್ಯಾಂಕಿನ ಸಾಲದಿಂದ ಕೃಷಿ ಅಭಿವೃದ್ಧಿ ಯೋಜನೆಗಳು ಶುರುವಾದವು; ರೈತರಿಗೆ ಹೊಲದಲ್ಲೇ ಸಲಹೆ ಕೊಡುವ, ಮುಂದೆ ದೇಶವಿಡೀ ಹರಡಿದ ವಿಸ್ತರಣಾ ವ್ಯವಸ್ಥೆಗೆ ಇವೇ ಮೊದಲ ಬಿತ್ತನೆ. ಇಂದು ಗುಸಾವು ಜಾಂಫಾರಾ ರಾಜ್ಯದ ರಾಜಧಾನಿ, ಫುಂಟುವಾ ಕಟ್ಸಿನಾ ರಾಜ್ಯದ ಒಂದು ಪಟ್ಟಣ. ಬೈಕೇರಿ ಬರುವ ಬಂದೂಕುಧಾರಿಗಳು ಊರು ಸುಲಿಯುವ, ಜನರನ್ನು ಹೊತ್ತೊಯ್ದು ಹಣ ಕೇಳುವ ಸುದ್ದಿಯಲ್ಲಿ ಈ ಎರಡು ರಾಜ್ಯಗಳ ಹೆಸರು ಪದೇ ಪದೇ ಕೇಳಿಬರುತ್ತದೆ. ಆ ಕೃಷಿ ಯೋಜನೆಗಳು ವಿಸ್ತರಣಾ ತಜ್ಞ ಡೇನಿಯಲ್ ಬೆನೋರ್ ರೂಪಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿಯನ್ನು ಅಳವಡಿಸಿಕೊಂಡವು. ಕರ್ನಾಟಕದ ಕೃಷಿ ಇಲಾಖೆಯಲ್ಲಿ ದುಡಿದ ಹಳಬರಿಗೂ ಇದು ಗೊತ್ತಿರುವ ಮಾತೇ. ಅದರ ಜೀವಾಳವೆಲ್ಲ ವೇಳಾಪಟ್ಟಿಯಲ್ಲಿತ್ತು. ಹದಿನೈದು ದಿನಕ್ಕೊಮ್ಮೆ, ಗೊತ್ತಾದ ವಾರ, ಗೊತ್ತಾದ ರೈತನ ಹೊಲಕ್ಕೆ ವಿಸ್ತರಣಾ ಕಾರ್ಯಕರ್ತ ಬರಲೇಬೇಕಿತ್ತು. ಬರುವುದು ಊರಿಗೆಲ್ಲ ತಿಳಿದಿರುತ್ತಿದ್ದುದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಇದನ್ನು ಕಟ್ಟಿದವರು ಸೋಮಾರಿತನಕ್ಕೆ ಹೆದರಿದ್ದರೇ ಹೊರತು ಅಪಹರಣಕ್ಕಲ್ಲ. ಕಾರ್ಯಕರ್ತ ಯಾವ ದಿನ ಯಾವ ದಾರಿಯಲ್ಲಿ ಬರುತ್ತಾನೆಂಬುದು ರೈತನಿಗೆ ತಿಳಿದಷ್ಟೇ ಸುಲಭವಾಗಿ ಹೊಂಚುಹಾಕಿದವನಿಗೂ ತಿಳಿಯುತ್ತದೆ.

ವಿಸ್ತರಣಾ ಸೇವೆ ಸತ್ತದ್ದು ಗುಂಡಿನಿಂದಲ್ಲ, ಹಣವಿಲ್ಲದೆ ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವು ನಿಂತ ಮೇಲೆ ಸೇವೆ ಸೊರಗಿತು, ಸಾವಿರಾರು ರೈತರಿಗೆ ಒಬ್ಬನೇ ಕಾರ್ಯಕರ್ತ ಎಂಬ ಸ್ಥಿತಿ ಬಂತು. ಆದರೆ ಬಡತನ ಭೇಟಿಯನ್ನು ಅಪರೂಪ ಮಾಡುತ್ತದೆ, ಅಷ್ಟೇ. ಪೆಟ್ರೋಲಿಗೆ ದುಡ್ಡು ಬಂದ ದಿನ ಬೈಕು ಮತ್ತೆ ಹಳ್ಳಿಯ ದಾರಿ ಹಿಡಿಯಬಹುದು. ಭಯವಿದ್ದಲ್ಲಿ ಟ್ಯಾಂಕು ತುಂಬಿದ್ದರೂ ಬೈಕು ಪಟ್ಟಣ ಬಿಟ್ಟು ಕದಲುವುದಿಲ್ಲ.

ಫೋನು, ರೇಡಿಯೊ ಇವೆಯಲ್ಲ ಎಂಬುದು ಇನ್ನೊಂದು ವಾದ. ಬಿತ್ತನೆಯ ದಿನ ಹೇಳಲು, ಮಳೆಯ ಮುನ್ಸೂಚನೆ ಕೊಡಲು ಅವು ಸಾಕು. ಆದರೆ ಕಣ್ಣಾರೆ ತೋರಿಸಬೇಕಾದ ವಿಷಯಕ್ಕೆ ಸಾಲವು. ಆ ಭಾಗದ ಜೋಳವನ್ನು ಬಹುಕಾಲದಿಂದ ಕಾಡುವ ಸ್ಟ್ರೈಗ ಕಳೆಯನ್ನೇ ನೋಡಿ. ಅದು ಮಣ್ಣಿನೊಳಗೇ ಜೋಳದ ಬೇರಿಗೆ ಅಂಟಿ ರಸ ಹೀರುತ್ತದೆ. ನೇರಳೆ ಹೂ ಮೇಲೆ ಕಾಣುವ ಹೊತ್ತಿಗೆ ಪೈರು ಆಗಲೇ ಬಡವಾಗಿರುತ್ತದೆ. ಧೂಳಿನಂಥ ಅದರ ಬೀಜ ವರ್ಷಗಟ್ಟಲೆ ನೆಲದಲ್ಲಿ ಬದುಕುತ್ತದೆ. ಪೈರನ್ನು ಮಣ್ಣುಸಮೇತ ಅಗೆದು, ಎರಡು ಬೇರು ಕೂಡಿದ ಗಂಟನ್ನು ಬೆರಳಲ್ಲಿ ಹಿಡಿದು ತೋರಿಸಿದರೆ ರೈತ ನಂಬುತ್ತಾನೆ. ರೇಡಿಯೊದ ದನಿಗೆ ಆ ಬೆರಳಿಲ್ಲ. ಅಲ್ಲದೆ 2021ರ ಸೆಪ್ಟೆಂಬರಿನಲ್ಲಿ ದರೋಡೆಕೋರರ ಸಂಪರ್ಕ ಕಡಿಯಲೆಂದು ಸರ್ಕಾರವೇ ಜಾಂಫಾರಾದ ಮೊಬೈಲ್ ಜಾಲವನ್ನು ಬಂದ್ ಮಾಡಿತು. ಭೇಟಿಗೆ ಬದಲಿಯೆಂದು ನಂಬಿದ ಫೋನೂ ಮೂಕವಾಯಿತು.

ಉಗ್ರ ಸಂಘಟನೆ ಬೊಕೊ ಹರಾಮ್‌ನ ಹಾವಳಿಯಿರುವ ಈಶಾನ್ಯ ನೈಜೀರಿಯಾದಲ್ಲಂತೂ ಸಲಹೆಯೇ ಅರ್ಥ ಕಳೆದುಕೊಂಡಿತು. ಬಾಂಬಿಗೆ ಬಳಕೆಯಾಗುತ್ತದೆಂದು ಅಲ್ಲಿನ ಬೊರ್ನೊ ರಾಜ್ಯದಲ್ಲಿ ಯೂರಿಯಾಕ್ಕೆ ತಡೆ ಬಂತು. ಉಗ್ರರು ಮರೆಯಲ್ಲಿ ಅಡಗುತ್ತಾರೆಂದು ಹೆದ್ದಾರಿ ಬದಿಯಲ್ಲಿ ಆಳೆತ್ತರದ ಬೆಳೆಗೆ ತಡೆ ಬಂತು. ಜೋಳ ಬಿತ್ತು, ಯೂರಿಯಾ ಹಾಕು ಎನ್ನುತ್ತಿದ್ದ ಕಾರ್ಯಕರ್ತ ಜೀವ ಒತ್ತೆಯಿಟ್ಟು ಹೊಲ ಮುಟ್ಟಿದರೂ, ಅವನ ಕೈಯಲ್ಲಿದ್ದ ಹಳೆಯ ಪಾಠದಲ್ಲಿ ಹೇಳುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.