ನಮಗೊಂದು ವೈಪಿ ಬೇಕು

ಮಾಡೆಲ್ ರೈಲಿನ ಹುಚ್ಚಿರೋರನ್ನ ಕೇಳಿ, ಎಲ್ಲರಿಗೂ ಡಬ್ಲ್ಯೂಪಿ ಸ್ಟೀಮ್ ಎಂಜಿನ್ನೇ ಬೇಕು. ಗುಂಡು ಮೂತಿ, ಅದರ ಮೇಲೊಂದು ನಕ್ಷತ್ರ. ಚೆಂದವೇ, ಒಪ್ಪಿದೆ. ಆದರೆ ಸಾಸಲು ಕಡೆಯೋರು ಮಾಕಳಿದುರ್ಗದಲ್ಲಿ ಮೀಟರ್‌ಗೇಜ್ ರೈಲು ನೋಡುತ್ತಿದ್ದ ಕಾಲದಲ್ಲಿ ಅದು ಈ ದಾರಿಗೆ ಬರೋ ಹಾಗೇ ಇರಲಿಲ್ಲ. ಅದಕ್ಕೆ 1,676 ಮಿ.ಮೀ. ಅಗಲದ ಹಳಿ ಬೇಕು, ಇಲ್ಲಿದ್ದದ್ದು 1,000.

ನನ್ನ ಅರ್ಜಿ ವೈಪಿಗೆ. ‘ವೈ’ ಅಂದರೆ ಮೀಟರ್‌ಗೇಜ್, ‘ಪಿ’ ಅಂದರೆ ಪ್ಯಾಸೆಂಜರ್. 1949ರಿಂದ 1970ರವರೆಗೆ ಇಂಥವು 871 ತಯಾರಾದವು. ಇನ್ನು ಲೆಕ್ಕ ನೋಡಿ: 1:87 ಅಳತೆಯಲ್ಲಿ ಡಬ್ಲ್ಯೂಪಿಗೆ 19 ಮಿ.ಮೀ. ಹಳಿ ಬೇಕು, ಅಂಗಡೀಲಿ ಸಿಗೋದು 16.5. ವೈಪಿಗೆ 12 ಸಾಕು. ಸ್ವಿಸ್ ಮೀಟರ್‌ಗೇಜ್ ಮಾಡೆಲ್‌ಗಳಿಂದಾಗಿ ಅದು ಈಗಾಗಲೇ ಸಿಗುತ್ತೆ.

ಮಾಕಳಿದುರ್ಗದ ಹಳಿಯೂ ಈಗ ಬ್ರಾಡ್‌ಗೇಜ್. ವೈಪಿ ಓಡಬೇಕಂದ್ರೆ ನಮ್ಮ ಮನೆ ಮೇಜಿನ ಮೇಲೇ ಓಡಬೇಕು.