ಹಳೆಯ ಜೀಪಿಗೆ ಗಟ್ಟಿ ಅಚ್ಚು

ಎತ್ತಿನ ಗಾಡಿಯ ಕಾಲದಿಂದಲೂ ಚಕ್ರಗಳೆರಡನ್ನು ಕೂಡಿಸಿ ಭಾರ ಹೊರುವ ಅಂಗಕ್ಕೆ ಕನ್ನಡದಲ್ಲಿ ಅಚ್ಚು ಎಂಬ ಹೆಸರಿದೆ. ಮೋಟಾರು ಬಂದ ಮೇಲೆ ಅದು ನಮ್ಮ ವರ್ಕ್‌ಶಾಪುಗಳಲ್ಲಿ ಆಕ್ಸಲ್ ಆಯಿತು. ಗಾಡಿಯ ಅಚ್ಚು ಭಾರವನ್ನಷ್ಟೇ ಹೊರುತ್ತಿತ್ತು. ಮೋಟಾರಿನ ಅಚ್ಚು ಅದರ ಜೊತೆಗೆ ಇಂಜಿನ್ನಿನ ಬಲವನ್ನೂ ಚಕ್ರಕ್ಕೆ ಮುಟ್ಟಿಸಬೇಕು. ಈ ಎರಡು ಕೆಲಸಗಳನ್ನು ಒಂದೇ ಉಕ್ಕಿನ ಸರಳಿಗೆ ವಹಿಸಬೇಕೇ, ಬೇರೆ ಬೇರೆ ಮಾಡಬೇಕೇ ಎಂಬುದು ಜೀಪಿನ ಚರಿತ್ರೆಯುದ್ದಕ್ಕೂ ಬಂದ ಪ್ರಶ್ನೆ.

ಕಾಸರಗೋಡಿನ ಪೂರ್ವದ ಗುಡ್ಡಗಾಡಿನಲ್ಲಿ ಅಧ್ಯಾಪಕರಾಗಿ ದುಡಿದ ನಮಗೆ ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ. ಬಸ್ಸಿಲ್ಲದ ದಾರಿಗಳಿಗೆ ಸರ್ವಿಸ್ ಜೀಪುಗಳೇ ಗತಿಯಾಗಿದ್ದ ಕಾಲವದು. ಒಂದು ಮಳೆಗಾಲದ ಮುಂಜಾನೆ, ಹತ್ತು ಹನ್ನೆರಡು ಮಂದಿಯನ್ನು ಹೊತ್ತು ಏರು ಹತ್ತುತ್ತಿದ್ದ ಜೀಪಿನ ಹಿಂದಿನ ಅಚ್ಚಿನ ಸರಳು ತುಂಡಾಯಿತು. ಒಂದು ಚಕ್ರ ಬುಡಸಮೇತ ಕಳಚಿ, ರಸ್ತೆಯಲ್ಲಿ ಹಿಂದಕ್ಕೆ ಉರುಳಿ, ತಿರುವಿನಾಚೆಯ ಅಡಿಕೆ ತೋಟಕ್ಕೆ ಬಿತ್ತು. ಕಳಚಿದ್ದು ಬರೆಯ ಬದಿಯ ಚಕ್ರವಾದ್ದರಿಂದ ಜೀಪು ಬರೆಗೊರಗಿ ನಿಂತಿತು. ಕಣಿವೆಯ ಬದಿಯದಾಗಿದ್ದರೆ ಈ ಲೇಖನ ಬರೆಯಲು ನಾವು ಉಳಿಯುತ್ತಿರಲಿಲ್ಲ.

ಜೀಪಿನ ಹುಟ್ಟೇ ಎರವಲು ಅಚ್ಚಿನ ಮೇಲೆ ಆಯಿತೆಂಬುದು ಗಮನಾರ್ಹ. 1940ರ ಜುಲೈಯಲ್ಲಿ ಅಮೆರಿಕದ ಸೇನೆ ನಾಲ್ಕು ಚಕ್ರಗಳಿಗೂ ಬಲ ದೊರೆಯುವ ಹಗುರ ವಾಹನವೊಂದನ್ನು 49 ದಿನಗಳಲ್ಲಿ ಮಾಡಿಕೊಡುವಂತೆ ಕಂಪೆನಿಗಳನ್ನು ಕೇಳಿತು. ತೂಕ 1300 ಪೌಂಡನ್ನು ಮೀರಬಾರದೆಂಬುದು ಷರತ್ತು. ಬ್ಯಾಂಟಮ್ ಕಂಪೆನಿಗಾಗಿ ಕಾರ್ಲ್ ಪ್ರೋಬ್ಸ್ಟ್ ನಕ್ಷೆ ಬರೆದರು. ಹೊಸ ಅಚ್ಚು ರೂಪಿಸಲು ಸಮಯವಿರಲಿಲ್ಲ. ಸ್ಪೈಸರ್ ಕಂಪೆನಿಯು ಸ್ಟುಡಿಬೇಕರ್ ಚಾಂಪಿಯನ್ ಎಂಬ ಕಾರಿನ ಅಚ್ಚನ್ನು ತಿದ್ದಿ ಒದಗಿಸಿತು. ಸೆಪ್ಟೆಂಬರ್ 23ರಂದು ವಾಹನ ಸೇನೆಯ ಕೈ ಸೇರಿತು. ಅದರ ತೂಕ ಷರತ್ತನ್ನು ಬಹಳ ಮೀರಿತ್ತು. ಕೊನೆಗೆ ಸೇನೆಯೇ ಮಿತಿಯನ್ನು 2160 ಪೌಂಡಿಗೆ ಏರಿಸಿತು.

ಯುದ್ಧಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಅವುಗಳ ಹಿಂದಿನ ಅಚ್ಚು ಮೆಕ್ಯಾನಿಕರು ಫುಲ್ ಫ್ಲೋಟಿಂಗ್ ಎನ್ನುವ ಬಗೆಯದು. ಅಲ್ಲಿ ವಾಹನದ ಭಾರವನ್ನು ಹೊರಗಿನ ಕೊಳವೆ ಹೊರುತ್ತದೆ. ಒಳಗಿನ ಸರಳಿಗೆ ಚಕ್ರವನ್ನು ತಿರುಗಿಸುವ ಕೆಲಸ ಮಾತ್ರ. ಸರಳು ಮುರಿದರೂ ಚಕ್ರ ತನ್ನ ಸ್ಥಾನದಲ್ಲೇ ಉಳಿಯುತ್ತದೆ. 1945ರಲ್ಲಿ ಜನಸಾಮಾನ್ಯರಿಗಾಗಿ ಸಿಜೆ-2ಎ ಬಂದಿತು. ಮೊದಲ ಕೆಲವು ಸಾವಿರ ವಾಹನಗಳ ಬಳಿಕ ಅದಕ್ಕೆ ಸೆಮಿ ಫ್ಲೋಟಿಂಗ್ ಅಚ್ಚು ಹಾಕಲಾಯಿತು. ಇದರಲ್ಲಿ ಭಾರ ಹೊರುವುದೂ ತಿರುಗಿಸುವುದೂ ಒಂದೇ ಸರಳಿನ ಪಾಲಿಗೆ ಬಂದವು. ಸರಳು ಹೋದರೆ ಚಕ್ರವೂ ಹೋಯಿತು.

ಆ ಸರಳಿನ ಮೇಲಿನ ಒತ್ತಡವೇನು ಸಾಮಾನ್ಯವೇ? ಯುದ್ಧದ ಜೀಪಿನಲ್ಲಿ ಮೊದಲ ಗೇರು ಮತ್ತು ಲೋ ಗೇರು ಹಾಕಿದಾಗ ಇಂಜಿನ್ನಿನ ತಿರುಚುಬಲ ಅಚ್ಚಿಗೆ ತಲಪುವಷ್ಟರಲ್ಲಿ ಸುಮಾರು 25 ಪಾಲಾಗುತ್ತಿತ್ತು. ನಾಗರಿಕ ಜೀಪಿನಲ್ಲಿ ಅದು 36 ಪಾಲಿನ ಹತ್ತಿರಕ್ಕೆ ಏರಿತು. ಹೊಲ ಉಳಲು, ಏರು ಹತ್ತಲು ಅದು ಬೇಕಾದದ್ದೇ. ಅದರ ಮೇಲೆ ಜನರನ್ನು ತುರುಕಿ, ದೊಡ್ಡ ಟಯರು ಹಾಕಿದರೆ ಸರಳು ಎಷ್ಟೆಂದು ತಡೆದೀತು?

ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ನಮ್ಮ ಗುಡ್ಡಗಳನ್ನು ಹತ್ತಿದ್ದು ಈ ವಂಶದ ವಾಹನಗಳೇ. ಅಂದು ನಮ್ಮನ್ನು ಹೊತ್ತ ಜೀಪಿನ ಚಾಲಕರು ಮುರಿದ ಸರಳಿನ ಜಾಗಕ್ಕೆ ಇನ್ನೊಂದನ್ನು ಹಾಕಿ ಸುಮ್ಮನಾಗಲಿಲ್ಲ. ಸೇನೆಯ ಹರಾಜಿನಿಂದ ಬಂದ ಹಳೆಯ ಜೀಪೊಂದರ ಹಿಂದಿನ ಅಚ್ಚನ್ನು ಹುಡುಕಿ ತಂದರು. ಆಗ ಮೆಕ್ಯಾನಿಕರು ಕ್ರೌನ್ ಪಿನಿಯನ್‌ನ ಹಲ್ಲುಗಳನ್ನು ಎಣಿಸಿ ತಲೆಯಾಡಿಸಿದರು. ಸೇನೆಯದಕ್ಕೆ 39ಕ್ಕೆ 8, ಇವರದಕ್ಕೆ 43ಕ್ಕೆ 8. ಹಿಂದಿನ ಚಕ್ರ ಒಂದು ಲೆಕ್ಕದಲ್ಲಿ, ಮುಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಿದರೆ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟಾಗ ಅವು ಒಂದನ್ನೊಂದು ಎಳೆದು ಗೇರುಪೆಟ್ಟಿಗೆಯನ್ನೇ ಮುರಿದಾವು. ಹೀಗೆ ಮುಂದಿನ ಅಚ್ಚನ್ನೂ ಬದಲಿಸಬೇಕಾಯಿತು. ಆ ಮೇಲೆ ಜೀಪು ಏರಿನಲ್ಲಿ ಮೊದಲಿಗಿಂತ ತುಸು ಸೋಲುತ್ತಿತ್ತು. ಆದರೆ ಚಕ್ರ ಕಳಚುವ ಭಯ ಇರಲಿಲ್ಲ. ತಾಯಂದಿರು ಮಕ್ಕಳನ್ನು ಆ ಜೀಪಿಗೇ ಕಾದು ಹತ್ತಿಸುತ್ತಿದ್ದುದನ್ನು ನಾವು ಕಂಡಿದ್ದೇವೆ.

ಅಮೆರಿಕದಲ್ಲಿ ಇದೇ ಕೆಲಸ ಹವ್ಯಾಸವಾಗಿ ಬೆಳೆಯಿತು. 1953ರಲ್ಲಿ ಕ್ಯಾಲಿಫೋರ್ನಿಯದ ರೂಬಿಕಾನ್ ಎಂಬ ಕಲ್ಲುದಾರಿಯಲ್ಲಿ ಜೀಪುಗಳ ಮೊದಲ ಜಾಂಬೋರಿ ನಡೆಯಿತು. ಅಂಥ ಬಂಡೆಗಳ ನಡುವೆ ಸರಳು ಮುರಿದುಕೊಂಡವರು ಗುಜರಿಯಲ್ಲಿ ಗಟ್ಟಿ ಅಚ್ಚು ಹುಡುಕತೊಡಗಿದರು. 1946ರಲ್ಲಿ ಡಾನಾ ಎಂಬ ಹೆಸರು ತಳೆದ ಹಳೆಯ ಸ್ಪೈಸರ್ ಕಂಪೆನಿಯದೇ ಡಾನಾ 44 ಅಚ್ಚು ಅವರಿಗೆ ಪ್ರಿಯವಾಯಿತು. 1970ರ ದಶಕದ ಸ್ಕೌಟ್ 2 ಎಂಬ ವಾಹನದಿಂದ ಅದನ್ನು ಕಳಚಿ ಜೀಪಿಗೆ ಹಾಕುವುದು ರೂಢಿಯಾಯಿತು. ಅದಕ್ಕಿಂತ ಬಲ ಬೇಕೆಂದವರು ಲಾರಿ ವರ್ಗದ ಡಾನಾ 60ರ ಕಡೆಗೆ ಹೋದರು. ಮೊದಲನೆಯದರ ಕ್ರೌನ್ ಚಕ್ರದ ಅಡ್ಡಳತೆ ಸುಮಾರು 8.5 ಅಂಗುಲ, ಎರಡನೆಯದರದು 9.75. ಕೊನೆಗೆ 2003ರಲ್ಲಿ ಕಂಪೆನಿಯೇ ರೂಬಿಕಾನ್ ಹೆಸರಿನ ಜೀಪನ್ನು ಹಿಂದೆ ಮುಂದೆ ಎರಡೂ ಕಡೆ ಡಾನಾ 44 ಹಾಕಿ ಮಾರಿತು. ಗುಜರಿಯಲ್ಲಿ ಕಲಿತ ಪಾಠ ಐವತ್ತು ವರ್ಷಗಳಲ್ಲಿ ಕಾರ್ಖಾನೆಯನ್ನು ತಲಪಿತೆನ್ನಬೇಕು.

ಆದರೆ ಅಚ್ಚು ಬದಲಿಸುವುದು ಬೋಲ್ಟು ಬಿಗಿಯುವಷ್ಟು ಸುಲಭವಲ್ಲ. ಸ್ಪ್ರಿಂಗು ಕೂರುವ ಸ್ಥಾನ, ಪಿನಿಯನ್ನಿನ ಓರೆ, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಬ್ರೇಕಿನ ಹಿಡಿತ ಎಲ್ಲವೂ ಹೊಂದಬೇಕು. ಒಂದೆಡೆ ಗಟ್ಟಿ ಮಾಡಿದರೆ ಮುರಿಯುವ ಜಾಗ ಮುಂದಿನ ದುರ್ಬಲ ಕೊಂಡಿಗೆ ಸರಿಯುತ್ತದೆ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಸೂಚಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅಜ್ಜನ ಜೀಪನ್ನು ಜತನದಿಂದ ಇಟ್ಟುಕೊಂಡಿರುವ ಯುವಕರು ಸ್ಪ್ಯಾನರು ಹಿಡಿಯುವ ಮೊದಲು ನೋಂದಣಿ ಅಧಿಕಾರಿಗಳನ್ನು ವಿಚಾರಿಸುವುದು ಒಳಿತು.

ಪ್ರೋಬ್ಸ್ಟ್ ಅವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ನಮ್ಮ ಗುಡ್ಡದಾರಿಗಳಲ್ಲಿ ಹಲ್ಲು ಎಣಿಸಿ, ಅಚ್ಚು ಕೂಡಿಸಿ, ನೂರಾರು ಮಕ್ಕಳನ್ನು ಶಾಲೆ ಮುಟ್ಟಿಸಿದ ಮೆಕ್ಯಾನಿಕರ ಮತ್ತು ಚಾಲಕರ ಕೆಲಸವನ್ನು ಯಾರೂ ಬರೆದಿಟ್ಟಿಲ್ಲ. ಅವರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಸಂಘದ ಮಿತ್ರರು ಅವರ ಬಳಿ ಕುಳಿತು ಕೇಳಿ, ಕನ್ನಡದಲ್ಲಿ ಬರೆದಿಡಬೇಕೆಂದು ನಮ್ಮ ವಿನಂತಿ.